ಅಚ್ಚಿಗೆ ಮೊದಲು ನಾಲ್ಕು ಜನರ ಮುಂದಿಡು

ಶಿಮ್ಲಾದ ಭಾರತೀಯ ಉನ್ನತ ಅಧ್ಯಯನ ಸಂಸ್ಥೆಗೆ ಫೆಲೋ ಆಗಿ ಹೊರಟಿದ್ದೀಯ ಎಂದು ಕೇಳಿ ಆದ ಸಂತೋಷ ಅಷ್ಟಿಷ್ಟಲ್ಲ. ಊರೂರಿನ ಚರಿತ್ರೆ ಬರೆಸಿಟ್ಟ ಕೈಫಿಯತ್ತುಗಳ ಮೇಲೆಯೇ ಕೆಲಸ ಮಾಡುತ್ತೇನೆಂದು ಎಂ.ಎ. ಓದುವಾಗಲೇ ಪಟ್ಟು ಹಿಡಿದವಳು ನೀನು. ಪಿಎಚ್.ಡಿ. ಮುಗಿಸಿ, ಕಾಲೇಜಿನಲ್ಲಿ ಪಾಠ ಹೇಳುತ್ತಾ, ಪರೀಕ್ಷೆ-ಮೌಲ್ಯಮಾಪನಗಳ ನಡುವೆ ಬಿಡುವು ಮಾಡಿಕೊಂಡು ಆ ಆಸೆಯನ್ನು ಜೋಪಾನವಾಗಿ ಉಳಿಸಿಕೊಂಡೆ. ಹೊರಡುವ ಮುಂಚೆ ನಾಲ್ಕು ಮಾತು ಹೇಳಿ ಸರ್ ಎಂದು ಕೇಳಿದೆ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಆದ್ದರಿಂದ ಬರೆದೇ ಕಳಿಸುತ್ತಿದ್ದೇನೆ. ನಿನ್ನ ಹಾದಿಯಲ್ಲಿ ಬರುವ ಬೇರೆ ಮಕ್ಕಳಿಗೂ ಸಿಗಲಿ ಎಂದು ಪತ್ರಿಕೆಗೂ ಕೊಟ್ಟಿದ್ದೇನೆ.

ನನ್ನ ಮಾತುಗಳೆಲ್ಲ ಕಡೆಗೆ ಒಂದೇ ಕಡೆ ಬಂದು ನಿಲ್ಲುತ್ತವೆ: ನೀನು ಬರೆದದ್ದು ಅಚ್ಚಾಗುವ ಮೊದಲು ಅದರ ತಪ್ಪು ಹೇಳುವ ಜನರನ್ನು ಸಂಪಾದಿಸಿಕೊ. ಮಾನವಿಕ ವಿಷಯಗಳ ಸಂಶೋಧನಾ ಸಂಸ್ಥೆಯೊಂದು ಕೊಡುವ ಫೆಲೋಶಿಪ್ಪು, ನಡೆಸುವ ಗೋಷ್ಠಿ, ತರುವ ಪುಸ್ತಕ ಮೂರೂ ಇರುವುದು ಇದಕ್ಕಾಗಿ. ಈ ಮೂರನ್ನು ಬೇರೆ ಬೇರೆ ಎಂದುಕೊಂಡವರು ಎರಡು ವರ್ಷ ಇದ್ದು ಒಂದು ಸರ್ಟಿಫಿಕೇಟು ತರುತ್ತಾರೆ. ಒಂದೇ ಕೆಲಸದ ಮೂರು ಹಂತ ಎಂದು ತಿಳಿದವರು ಉಳಿಯುವಂಥ ಪುಸ್ತಕ ತರುತ್ತಾರೆ.

ಮೊದಲು ಸಮಯದ ಮಾತು. ಆ ಸಮಯ ನಿನಗೆ ಎಲ್ಲಿಂದ ಬಂತು ಎಂಬುದರಿಂದ ಶುರುಮಾಡುತ್ತೇನೆ. ನೀನು ಹೋಗುತ್ತಿರುವ ಕಟ್ಟಡ ವೈಸರಾಯ್‌ಗಳು ಬೇಸಿಗೆ ಕಳೆಯುತ್ತಿದ್ದ ಮನೆ. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿ ರೂಪಿಸಿದ್ದು. 1888ರಲ್ಲಿ ಲಾರ್ಡ್ ಡಫರಿನ್ ಅಲ್ಲಿ ಬಿಡಾರ ಹೂಡಿದ. 1945ರಲ್ಲಿ ದೇಶದ ನಾಯಕರೊಂದಿಗೆ ವೈಸರಾಯ್ ವೇವೆಲ್ ಮಾತುಕತೆ ನಡೆಸಿದ್ದು ಅಲ್ಲೇ. ಸ್ವಾತಂತ್ರ್ಯ ಬಂದ ಮೇಲೆ ಅದು ರಾಷ್ಟ್ರಪತಿ ನಿವಾಸವಾಯಿತು. ಅಷ್ಟು ದೊಡ್ಡ ಮನೆಯನ್ನು ವಿದ್ಯೆಗೆ ಬಿಟ್ಟುಕೊಟ್ಟವರು ಎಸ್. ರಾಧಾಕೃಷ್ಣನ್, 1918ರಿಂದ 1921ರವರೆಗೆ ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಟ್ಟ ಮೇಷ್ಟ್ರು. ರಾಷ್ಟ್ರಪತಿಯಾಗಿ ಅವರೇ 1965ರ ಅಕ್ಟೋಬರ್ 20ರಂದು ಸಂಸ್ಥೆಯನ್ನು ಉದ್ಘಾಟಿಸಿದರು. ಇತಿಹಾಸಕಾರ ನೀಹಾರರಂಜನ್ ರೇ ಮೊದಲ ನಿರ್ದೇಶಕರಾದರು. ವೈಸರಾಯ್ ಔತಣ, ನೃತ್ಯ ಏರ್ಪಡಿಸುತ್ತಿದ್ದ ಹಜಾರಗಳು ಗ್ರಂಥಾಲಯವಾದವು.

ಸಂಸ್ಥೆ ಶುರುವಾದ ವರ್ಷ ಯಾವುದು ಎಂಬುದನ್ನು ಗಮನಿಸು. 1965ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ನಡೆದಿತ್ತು. ದೇಶಕ್ಕೆ ಹೊಟ್ಟೆ ತುಂಬ ಧಾನ್ಯವಿರಲಿಲ್ಲ, ಹೊರದೇಶದ ಗೋಧಿಗೆ ಕಾಯುತ್ತಿದ್ದ ಕಾಲ. ಅಂಥ ಹೊತ್ತಿನಲ್ಲೂ ಕೆಲವರು ಕೂತು ಓದಲಿ, ಯೋಚಿಸಲಿ, ಬರೆಯಲಿ ಎಂದು ಈ ದೇಶ ಒಂದು ಗುಡ್ಡವನ್ನೇ ಎತ್ತಿಟ್ಟಿತು. ನಿನಗೆ ತಿಂಗಳು ತಿಂಗಳು ಬರುವ ಹಣ, ಇರಲು ಕೊಡುವ ಮನೆ, ಮೇಜು, ಗ್ರಂಥಾಲಯದ ಬೀಗದ ಕೈ ಎಲ್ಲವೂ ಆ ತೀರ್ಮಾನದಿಂದ ಬಂದವು. ಅದರ ಋಣ ನೆನಪಿರಲಿ.

ಋಣ ತೀರಿಸುವುದಕ್ಕೆ ಅವಸರ ಮಾಡಬೇಡ. ಫೆಲೋಶಿಪ್ ಬಂದವರು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಸಮಯ ಕಳೆದುಕೊಳ್ಳುತ್ತಾರೆ. ಕೆಲವರಿಗೆ ಸಾಮಗ್ರಿ ಕೂಡಿಹಾಕುವುದೇ ಕೆಲಸವಾಗುತ್ತದೆ. ಇನ್ನೊಂದು ಪುಸ್ತಕ, ಇನ್ನೊಂದು ದಾಖಲೆ, ಇನ್ನೊಂದು ಸ್ಕ್ಯಾನ್ ಎನ್ನುತ್ತಾ ಕಂಪ್ಯೂಟರಿನಲ್ಲಿ ಸಾವಿರ ಫೈಲು ಸೇರುತ್ತವೆ, ಬರೆದ ಹಾಳೆ ಒಂದೂ ಇರುವುದಿಲ್ಲ. ಇನ್ನು ಕೆಲವರು ಬಂದ ಆಮಂತ್ರಣಕ್ಕೆಲ್ಲ ಹ್ಞೂಂ ಎನ್ನುತ್ತಾರೆ. ತಿಂಗಳಿಗೊಂದು ಊರು, ಊರಿಗೊಂದು ಭಾಷಣ. ವರ್ಷದ ಕೊನೆಗೆ ಹತ್ತು ಕಡೆ ಹೇಳಿದ ಒಂದೇ ಮಾತು ಕೈಯಲ್ಲಿ ಉಳಿದಿರುತ್ತದೆ.

ನೀನು ಹೀಗೆ ಮಾಡು. ಮೊದಲ ಮೂರು ತಿಂಗಳು ಒಂದೇ ಒಂದು ಕೈಫಿಯತ್ತನ್ನು ಎದುರಿಗಿಟ್ಟುಕೊಂಡು ಕೂತುಕೊ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆಗೆ ಬಂದ ಕಾಲಿನ್ ಮೆಕೆಂಜಿ ಊರೂರಿನ ಚರಿತ್ರೆ ಬರೆಸಿಕೊಂಡದ್ದು, ಕಾವಲಿ ಬೊರ್ರಯ್ಯ, ಲಕ್ಷ್ಮಯ್ಯ ಸೋದರರು ಅವನ ಕಣ್ಣು-ಕಿವಿಯಾಗಿ ದುಡಿದದ್ದು ನಿನಗೆ ಗೊತ್ತೇ ಇದೆ. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಹೊರತಂದ ‘ಕರ್ನಾಟಕದ ಕೈಫಿಯತ್ತುಗಳು’ ಸಂಪುಟ ನಿನ್ನ ಕೈಯಲ್ಲಿ ಸವೆದಿದೆ. ಅದರೊಳಗಿನ ಒಂದು ಊರಿನ ಕೈಫಿಯತ್ತನ್ನು ತೆಗೆದುಕೊ. ಯಾವ ವಾಕ್ಯ ಶಾನುಭೋಗರ ಕಡತದಿಂದ ಬಂದಿದೆ? ಯಾವುದು ಊರ ಹಿರಿಯರ ಬಾಯಿಮಾತು? ಎಲ್ಲಿ ದೇವಸ್ಥಾನದ ಸ್ಥಳಪುರಾಣ ನುಸುಳಿದೆ? ಮಾನ್ಯದ ಜಮೀನು ಉಳಿಸಿಕೊಳ್ಳಬೇಕೆಂಬ ಆತಂಕ ಎಲ್ಲಿ ಕಾಣುತ್ತದೆ? ಯಾವುದನ್ನು ಬರೆಸುವವನು ಕೇಳಿದ್ದಕ್ಕಾಗಿಯೇ ಹೇಳಿದ್ದಾರೆ? ಒಂದೊಂದು ವಾಕ್ಯದ ಎದುರೂ ಪೆನ್ಸಿಲಿನಲ್ಲಿ ಉತ್ತರ ಬರೆ. ಗೊತ್ತಾಗದ ಕಡೆ ಗೊತ್ತಾಗಲಿಲ್ಲ ಎಂದೇ ಬರೆ. ಆ ಒಂದು ಊರು ನಿನಗೆ ಬಿಡಿಸಿಕೊಟ್ಟ ಗಂಟು ಮಿಕ್ಕ ನೂರು ಊರುಗಳನ್ನು ಓದುವ ದಾರಿ ತೋರಿಸುತ್ತದೆ.

ಫೆಲೋಶಿಪ್ ಇಲ್ಲದೆಯೂ ದೊಡ್ಡ ಕೆಲಸ ಮಾಡಿದವರಿದ್ದಾರೆ. ವಕೀಲಿ ಮಾಡುತ್ತಿದ್ದ ಪಾಂಡುರಂಗ ವಾಮನ ಕಾಣೆಯವರು ಧರ್ಮಶಾಸ್ತ್ರದ ಇತಿಹಾಸವನ್ನು 1930ರಿಂದ 1962ರವರೆಗೆ ಐದು ಸಂಪುಟಗಳಲ್ಲಿ ಹೊರತಂದರು. ಅವರಿಗೆ ಸಮಯವನ್ನು ಯಾರೂ ಕೊಡಲಿಲ್ಲ, ದಿನದಿನದ ದುಡಿಮೆಯಿಂದ ಕದ್ದು ಉಳಿಸಿಕೊಂಡರು. ನಿನಗೆ ಕೇಳದೆಯೇ ದಿನಗಳು ಸಿಕ್ಕಿವೆ. ಬೆಳಗ್ಗೆ ಎದ್ದು ಒಂದು ಪುಟವಾದರೂ ಬರೆದೇ ಬೇರೆಯದಕ್ಕೆ ಕೈಹಾಕು. ಕೆಟ್ಟದಾಗಿ ಬಂದರೂ ಪರವಾಗಿಲ್ಲ. ಬರೆದದ್ದಿದ್ದರೆ ತಾನೇ ಇನ್ನೊಬ್ಬರು ತಿದ್ದುವುದು?

ಇನ್ನು ಗೋಷ್ಠಿಗಳ ಮಾತು. ಶಿಮ್ಲಾದ ಸಂಸ್ಥೆಯಲ್ಲಿ ಗುರುವಾರದ ಸೆಮಿನಾರ್ ಎಂಬ ರೂಢಿ ಇದೆ. ಫೆಲೋಗಳು ಸರದಿಯ ಮೇಲೆ ತಮ್ಮ ಕೆಲಸವನ್ನು ಉಳಿದವರ ಮುಂದೆ ಇಡುತ್ತಾರೆ. ಕೇಳುವವರಲ್ಲಿ ನಿನ್ನ ವಿಷಯದವರು ಒಬ್ಬರಿದ್ದರೆ ಹೆಚ್ಚು. ಒಬ್ಬರು ಬೌದ್ಧ ತರ್ಕ ಓದುವವರು, ಇನ್ನೊಬ್ಬರು ಸಮಾಜಶಾಸ್ತ್ರಜ್ಞರು, ಮತ್ತೊಬ್ಬರು ಅಸ್ಸಾಮಿ ಕಾದಂಬರಿಯವರು. ಕೈಫಿಯತ್ತು ಎಂಬ ಶಬ್ದವನ್ನೇ ಕೇಳದವರ ಮುಂದೆ ನೀನು ಮಾತಾಡಬೇಕು. ಮೊದಲ ಸಲ ಇದು ಕಷ್ಟ ಅನ್ನಿಸುತ್ತದೆ. ಆಮೇಲೆ ಅದರ ಬೆಲೆ ತಿಳಿಯುತ್ತದೆ. ನಮ್ಮ ವಿಷಯದವರೇ ಕೂತಿದ್ದರೆ ಎಲ್ಲರಿಗೂ ಗೊತ್ತಿದೆ ಎಂದು ನಾವು ಹಾರಿಸಿಬಿಡುವ ಜಾಗಗಳಿರುತ್ತವಲ್ಲ, ಹೊರಗಿನವರು ನೇರ ಅಲ್ಲಿಗೇ ಬೆರಳಿಡುತ್ತಾರೆ. “ಶಾನುಭೋಗ ಸುಳ್ಳು ಬರೆದಿದ್ದರೆ ನಿಮಗೆ ಹೇಗೆ ಗೊತ್ತಾಗುತ್ತದೆ?” ಎಂದು ಯಾರಾದರೂ ಕೇಳಿದರೆ, ಅದು ನಿನ್ನ ಇಡೀ ಪುಸ್ತಕ ಉತ್ತರಿಸಬೇಕಾದ ಪ್ರಶ್ನೆ.

ಅದಕ್ಕೇ ಹೇಳುತ್ತೇನೆ, ಪೂರ್ತಿ ಮುಗಿದ ಅಧ್ಯಾಯವನ್ನು ಸೆಮಿನಾರಿಗೆ ಒಯ್ಯಬೇಡ. ಅರ್ಧ ದಾರಿಯಲ್ಲಿರುವಾಗ, ಎಲ್ಲಿ ಸಿಕ್ಕಿಕೊಂಡಿದ್ದೀಯೋ ಅದನ್ನೇ ಒಯ್ದು ಇಡು. ಚಪ್ಪಾಳೆ ಕಡಿಮೆ ಬೀಳುತ್ತದೆ, ಪ್ರಶ್ನೆ ಹೆಚ್ಚು ಬರುತ್ತವೆ. ನಾವು ಅಲ್ಲಿಗೆ ಹೋಗುವುದು ಪ್ರಶ್ನೆಗಾಗಿ. ಪ್ರಶ್ನೆ ಕೇಳಿದ ತಕ್ಷಣ ಉತ್ತರಕ್ಕೆ ತಡಕಾಡಬೇಡ. ಕೇಳಿದವರ ಮಾತಿನಲ್ಲೇ ಅದನ್ನು ಬರೆದುಕೊ. ನಿನ್ನ ಮಾತಿಗೆ ತಿರುಗಿಸಿ ಬರೆದುಕೊಂಡರೆ ಅದರ ಮೊನೆ ಮುರಿದುಹೋಗುತ್ತದೆ. ರಾತ್ರಿ ಕೋಣೆಗೆ ಬಂದು ಆ ಪಟ್ಟಿಯನ್ನು ಮತ್ತೆ ಓದು. ಕೋಪ ತರಿಸಿದ ಪ್ರಶ್ನೆಗೆ ಮೊದಲು ಉತ್ತರ ಹುಡುಕು.

ನಿನ್ನ ಸರದಿ ಇಲ್ಲದ ವಾರಗಳಲ್ಲಿ ತಪ್ಪದೆ ಹೋಗಿ ಕೂತುಕೊ. ನಮ್ಮಲ್ಲಿ ವಿಚಾರಸಂಕಿರಣಗಳು ಸೊರಗಿದ್ದು ಇಲ್ಲೇ. ತಮ್ಮ ಪ್ರಬಂಧ ಓದಿ ಮುಗಿಸಿದವರು ಟಿ.ಎ. ಬಿಲ್ಲಿಗೆ ಸಹಿ ಹಾಕಿ ಬಸ್ಸು ಹಿಡಿಯುತ್ತಾರೆ. ಉದ್ಘಾಟನೆ, ಸನ್ಮಾನಗಳಲ್ಲಿ ಅರ್ಧ ದಿನ ಹೋಗಿ ಸಂವಾದಕ್ಕೆ ಐದು ನಿಮಿಷ ಉಳಿಯುತ್ತದೆ. ದೂರದಿಂದ ಬಂದ ಹುಡುಗ ಖಾಲಿ ಕುರ್ಚಿಗಳಿಗೆ ತನ್ನ ಮೂರು ವರ್ಷದ ಕೆಲಸವನ್ನು ಓದಿ ಹೇಳುತ್ತಾನೆ. ಇದನ್ನು ಕಂಡಾಗೆಲ್ಲ ನನಗೆ ಸಂಕಟವಾಗುತ್ತದೆ. ಆ ಹುಡುಗನ ಕೆಲಸದಲ್ಲಿ ಒಂದು ದೋಷವಿದ್ದರೆ ಅದನ್ನು ಅವತ್ತು ಹೇಳಬೇಕಾದವರು ಬಸ್ಸಿನಲ್ಲಿದ್ದರು. ಇನ್ನೊಬ್ಬರ ಕೆಲಸವನ್ನು ಕೊನೆಯವರೆಗೆ ಕೂತು ಕೇಳುವುದು ಸೌಜನ್ಯಕ್ಕೂ ಮೀರಿದ್ದು. ಅದು ವಿದ್ವತ್ತಿನ ಅರ್ಧ ಭಾಗ. ನೀನು ಕೇಳಿಸಿಕೊಂಡವರು ನಿನ್ನದನ್ನೂ ಕೇಳಿಸಿಕೊಳ್ಳುತ್ತಾರೆ.

ಪ್ರಶ್ನೆ ಕೇಳುವುದಕ್ಕೂ ಒಂದು ಶಿಸ್ತಿದೆ. ನನಗೆಷ್ಟು ಗೊತ್ತು ಎಂದು ತೋರಿಸುವ ಪ್ರಶ್ನೆ ಬೇಡ. ಮಾತಾಡಿದವರು ತಮ್ಮ ಕೋಣೆಗೆ ಮರಳಿ ಏನನ್ನಾದರೂ ಹೊಸದಾಗಿ ನೋಡುವಂತೆ ಮಾಡುವ ಪ್ರಶ್ನೆ ಕೇಳು. ಅದು ಚಿಕ್ಕದಾಗಿರಲಿ. ತಪ್ಪು ಕಂಡರೆ ಹೇಳು. ಸಭೆಯಲ್ಲಿ ಹೇಳಿದರೆ ಅವರಿಗೆ ನೋವಾಗುತ್ತದೆ ಅನ್ನಿಸಿದರೆ ಚಹಾದ ಹೊತ್ತಿಗೆ ಪಕ್ಕಕ್ಕೆ ಕರೆದು ಹೇಳು. ಹೇಳದೆ ಮಾತ್ರ ಇರಬೇಡ.

ಕನ್ನಡದ ಡಿ.ಆರ್. ನಾಗರಾಜ್ ತೊಂಬತ್ತರ ದಶಕದಲ್ಲಿ ಇದೇ ಸಂಸ್ಥೆಯಲ್ಲಿ ಫೆಲೋ ಆಗಿದ್ದರು. ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಹುಟ್ಟಿದ ಅವರು ಗಾಂಧಿ-ಅಂಬೇಡ್ಕರರನ್ನೂ ಅಲ್ಲಮನನ್ನೂ ದೇಶದ ಉಳಿದ ಚಿಂತಕರೊಡನೆ ಮಾತಿಗೆ ಕೂರಿಸಿದರು. ಹೊರಗೆ ಇಂಗ್ಲಿಷಿನಲ್ಲಿ ವಾದ ಮಾಡಿದರು, ಕನ್ನಡದಲ್ಲಿ ಬರೆಯುವುದನ್ನು ಬಿಡಲಿಲ್ಲ. 1998ರಲ್ಲಿ, ಇನ್ನೂ ನಡುವಯಸ್ಸಿನಲ್ಲಿ ಅವರು ತೀರಿಕೊಂಡ ಮೇಲೆ ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ ಹೊರಬಂತು. ಆ ಪುಸ್ತಕ ಓದಿದರೆ ಕಾಶ್ಮೀರದ ಶೈವರ ಜೊತೆ, ಬೌದ್ಧರ ಜೊತೆ ಅವರು ಎಷ್ಟು ಮಾತುಕತೆ ನಡೆಸಿದ್ದರು ಎಂಬುದು ತಿಳಿಯುತ್ತದೆ. ನೀನು ಕೂರುವ ಜಾಗದಲ್ಲಿ ಕನ್ನಡದ ಅಂಥವರೊಬ್ಬರು ಕೂತಿದ್ದರು ಎಂಬುದು ನಿನಗೆ ಧೈರ್ಯ ಕೊಡಲಿ.

ಈಗ ಪುಣೆಯ ಕಥೆಯೊಂದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಚ್ಚಿಗೆ ಮೊದಲು ತಪ್ಪು ಕೇಳಿಸಿಕೊಳ್ಳುವುದು ಎಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1917ರಲ್ಲಿ ಶುರುವಾದ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆ, 1919ರ ಏಪ್ರಿಲ್ 1ರಂದು ಮಹಾಭಾರತದ ಸಂಶೋಧಿತ ಆವೃತ್ತಿಯ ಕೆಲಸಕ್ಕೆ ಕೈಹಾಕಿತು. ದೇಶದ ಉದ್ದಗಲಕ್ಕೂ ಹರಡಿದ್ದ ಹಸ್ತಪ್ರತಿಗಳನ್ನು ಹೋಲಿಸಿ, ಸಿಗಬಹುದಾದಷ್ಟು ಹಳೆಯ ಪಾಠವನ್ನು ಕಂಡುಕೊಳ್ಳಬೇಕು ಎಂಬುದು ಗುರಿ. ನಾಲ್ಕು ವರ್ಷ ಕಳೆದ ಮೇಲೆ, 1923ರಲ್ಲಿ, ಎನ್.ಬಿ. ಉಟ್‌ಗೀಕರ್ ವಿರಾಟಪರ್ವದ ಒಂದು ತಾತ್ಕಾಲಿಕ ಆವೃತ್ತಿಯನ್ನು ಸಿದ್ಧಪಡಿಸಿದರು. ಸಂಸ್ಥೆ ಅದನ್ನು ವಿದ್ವಾಂಸರಿಗೆ ಪುಕ್ಕಟೆಯಾಗಿ ಹಂಚಿತು. ನಾವು ಹೊರಟಿರುವ ದಾರಿ ಸರಿಯೇ, ಎಲ್ಲಿ ಎಡವಿದ್ದೇವೆ, ದಯವಿಟ್ಟು ಹೇಳಿ ಎಂದು ಕೇಳಿತು. ಅಭಿಪ್ರಾಯಗಳು ಬಂದವು. 1925ರಲ್ಲಿ ವಿ.ಎಸ್. ಸುಖಠಣಕರ್ ಪ್ರಧಾನ ಸಂಪಾದಕರಾಗಿ ಬಂದು ಕೆಲಸದ ವಿಧಾನವನ್ನು ಹೊಸದಾಗಿ ಕಟ್ಟಿದರು. ಆದಿಪರ್ವದ ಮೊದಲ ಕಂತು 1927ರಲ್ಲಿ, ಇಡೀ ಪರ್ವ 1933ರಲ್ಲಿ ಹೊರಬಂತು. ವಿರಾಟಪರ್ವವನ್ನು ರಘುವೀರ ಅವರು ಮತ್ತೆ ಮೊದಲಿನಿಂದ ಸಂಪಾದಿಸಿದರು, 1936ರಲ್ಲಿ ಅದು ಅಚ್ಚಾಯಿತು. ಮೊದಲಿನದು ವ್ಯರ್ಥವಾಯಿತು ಎಂದು ಯಾರೂ ಅಂದುಕೊಳ್ಳಲಿಲ್ಲ. ಅದರ ಮೇಲೆ ಬಂದ ಟೀಕೆಯೇ ಮುಂದಿನದಕ್ಕೆ ಅಡಿಪಾಯವಾಯಿತು.

ಅವರು ಪಾಠ ಹೋಲಿಸುತ್ತಿದ್ದ ಬಗೆ ನೋಡು. ಅಡ್ಡ-ಉದ್ದ ಗೆರೆ ಎಳೆದ ದೊಡ್ಡ ಹಾಳೆ. ಮೇಲಿನ ಸಾಲಿನಲ್ಲಿ ಮುಂಬಯಿಯ ಅಚ್ಚಿನ ಪ್ರತಿಯಿಂದ ಒಂದು ಶ್ಲೋಕ, ದಪ್ಪಕ್ಷರದಲ್ಲಿ. ಅದರ ಕೆಳಗೆ ಒಂದೊಂದು ಹಸ್ತಪ್ರತಿಗೂ ಒಂದೊಂದು ಸಾಲು. ಆ ಪ್ರತಿಯಲ್ಲಿ ಪಾಠ ಎಲ್ಲಿ ಬೇರೆಯಾಗಿದೆಯೋ ಆ ಅಕ್ಷರವನ್ನು ಅದೇ ಕಂಬದಲ್ಲಿ, ಮೂಲ ಅಕ್ಷರದ ನೇರಕ್ಕೆ ಬರೆಯಬೇಕು. ಬಲಗಡೆ ನಾಲ್ಕು ಅಂಗುಲದ ಜಾಗ ಷರಾಕ್ಕೆ ಮೀಸಲು: ಪ್ರತಿಯಲ್ಲಿ ಯಾರೋ ತಿದ್ದಿದ್ದು, ಅಂಚಿನಲ್ಲಿ ಸೇರಿಸಿದ್ದು, ಹೆಚ್ಚುವರಿ ಶ್ಲೋಕ. ಬಹಳ ಉದ್ದದ ಹೆಚ್ಚುವರಿ ಭಾಗ ಸಿಕ್ಕಿದರೆ ಶೋಧಪತ್ರ ಎಂಬ ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸುತ್ತಿದ್ದರು. ಉತ್ತರದ ಲಿಪಿ ಬಲ್ಲ ಶಾಸ್ತ್ರಿಗಳು, ದಕ್ಷಿಣದ ಲಿಪಿ ಬಲ್ಲ ಶಾಸ್ತ್ರಿಗಳು ಇಬ್ಬರೂ ಈ ಕೆಲಸಕ್ಕಿದ್ದರು. ಒಂದು ತಂಡ ಬರೆದದ್ದನ್ನು ಇನ್ನೊಂದು ತಂಡ ಮತ್ತೆ ಮೂಲಕ್ಕೆ ಹಿಡಿದು ನೋಡುವುದು ಕಡ್ಡಾಯ. ಬರೆದವನೇ ತನ್ನ ಬರಹವನ್ನು ಪರಿಶೀಲಿಸಿದರೆ ಕಣ್ಣು ತಪ್ಪನ್ನು ದಾಟಿಹೋಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇಷ್ಟೆಲ್ಲ ಆದ ಮೇಲೂ ಪಾಠ ಖಚಿತವಾಗದ ಜಾಗಗಳು ಉಳಿದವು. ಅಂಥ ಶಬ್ದಗಳ ಕೆಳಗೆ ಅವರು ಅಲೆಅಲೆಯಾದ ಒಂದು ಗೆರೆ ಎಳೆದು ಅಚ್ಚು ಹಾಕಿದರು. ಇಲ್ಲಿ ನಮಗೆ ಪೂರ್ತಿ ಭರವಸೆಯಿಲ್ಲ ಎಂಬುದಕ್ಕೆ ಆ ಗೆರೆ ಗುರುತು. ದೇಶದ ಅತ್ಯುತ್ತಮ ವಿದ್ವಾಂಸರು, ದೇಶವೇ ಪೂಜಿಸುವ ಗ್ರಂಥದಲ್ಲಿ, ತಮ್ಮ ಸಂದೇಹವನ್ನು ಎಲ್ಲರಿಗೂ ಕಾಣುವಂತೆ ಅಚ್ಚು ಮಾಡಿದರು. ನಿನ್ನ ಪುಸ್ತಕದಲ್ಲೂ ಸಂದೇಹವಿರುವ ಕಡೆ ಸಂದೇಹವೆಂದೇ ಕಾಣಲಿ. ‘ನಿಸ್ಸಂಶಯವಾಗಿ’, ‘ನಿರ್ವಿವಾದವಾಗಿ’ ಎಂಬ ಮಾತುಗಳನ್ನು ಬರೆಯುವ ಮುಂಚೆ ಪೆನ್ನು ಕೆಳಗಿಟ್ಟು ಇನ್ನೊಮ್ಮೆ ಆಕರ ನೋಡು.

1,259 ಹಸ್ತಪ್ರತಿಗಳು, 19 ಸಂಪುಟ, 47 ವರ್ಷ. 1966ರಲ್ಲಿ ಕೆಲಸ ಮುಗಿದಾಗ ಕೊನೆಯ ಘೋಷಣೆ ಮಾಡಿದವರೂ ಅದೇ ರಾಧಾಕೃಷ್ಣನ್. ಆರಂಭದಲ್ಲಿ ದುಡಿದ ಎಷ್ಟೋ ಜನ ಮುಕ್ತಾಯ ನೋಡಲಿಲ್ಲ. ಸುಖಠಣಕರ್ 1943ರ ಜನವರಿಯಲ್ಲೇ ಹೋದರು. ಆಗ ಅವರು ಮುಂಬಯಿ ವಿಶ್ವವಿದ್ಯಾಲಯದಲ್ಲಿ ಮಹಾಭಾರತದ ಅರ್ಥದ ಮೇಲೆ ನಾಲ್ಕು ಉಪನ್ಯಾಸಗಳ ಮಾಲೆ ನಡೆಸುತ್ತಿದ್ದರು. ಮೂರಾಗಿತ್ತು, ನಾಲ್ಕನೆಯದನ್ನು ಹೇಳುವ ಮುಂಚೆ ತೀರಿಕೊಂಡರು. ಬರೆದಿಟ್ಟಿದ್ದರಿಂದ ಉಪನ್ಯಾಸಗಳು ಉಳಿದವು, 1957ರಲ್ಲಿ ಪುಸ್ತಕವಾಗಿ ಬಂದವು. ಅಕ್ಷರ ಅಕ್ಷರ ಹೋಲಿಸುತ್ತಾ ಬದುಕು ಸವೆಸಿದವರು ಕೊನೆಗೆ ಕೇಳುಗರ ಮುಂದೆ ನಿಂತು ಇಡೀ ಗ್ರಂಥದ ಅರ್ಥ ಕುರಿತು ಮಾತಾಡಿದರು. ಆ ಮಾತಿಗಿದ್ದ ತೂಕ ಹಾಳೆಗಳ ಮುಂದಿನ ವರ್ಷಗಳಿಂದ ಬಂದದ್ದು. ನೀನು ಯಾವ ವೇದಿಕೆ ಹತ್ತಿದರೂ ಮಾತಾಡುವುದನ್ನು ಮೊದಲು ಬರೆದಿಟ್ಟುಕೊಂಡೇ ಹತ್ತು.

ಇನ್ನು ಪ್ರಕಟಣೆ. ನಿನ್ನ ಅವಧಿ ಮುಗಿದಾಗ ಸಂಸ್ಥೆಗೆ ಒಂದು ಗ್ರಂಥದ ಹಸ್ತಪ್ರತಿ ಒಪ್ಪಿಸಬೇಕು. ಅದು ಒಳ್ಳೆಯ ನಿಯಮ. ಆದರೆ ಅದರ ಜೊತೆಗೆ ನಿನ್ನ ಸುತ್ತ ಇನ್ನೊಂದು ಒತ್ತಡವಿರುತ್ತದೆ. ಬಡ್ತಿಗೆ ಅಂಕ ಬೇಕು, ಅಂಕಕ್ಕೆ ಲೇಖನ ಬೇಕು. ದುಡ್ಡು ಕಟ್ಟಿದರೆ ವಾರದೊಳಗೆ ಅಚ್ಚು ಹಾಕಿಕೊಡುವ ಪತ್ರಿಕೆಗಳು ಬೇಕಾದಷ್ಟಿವೆ. ನಿನಗೂ ಸಂದೇಶ ಬಂದಿರಬೇಕು. ಅಂಥವುಗಳಲ್ಲಿ ಯಾರೂ ನಿನ್ನ ಲೇಖನ ಓದುವುದಿಲ್ಲ. ಅಚ್ಚಿಗೆ ಮೊದಲೂ ಓದುವುದಿಲ್ಲ, ಆಮೇಲೂ ಓದುವುದಿಲ್ಲ. ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಮುಂಚೆ ಲೇಖನ ಪ್ರಕಟಿಸಿರಲೇಬೇಕು ಎಂಬ ಕಡ್ಡಾಯವನ್ನು ಯುಜಿಸಿ 2022ರ ನಿಯಮಾವಳಿಯಲ್ಲಿ ಕೈಬಿಟ್ಟಿದೆ. ನಿನ್ನ ಹಿಂದೆ ಬರುವ ವಿದ್ಯಾರ್ಥಿಗಳಿಗೆ ಇದನ್ನು ಹೇಳು. ಹೆದರಿ ದುಡ್ಡು ಕಟ್ಟುವುದು ಬೇಡ. ಸಂಪಾದಕರು ಎರಡು ಸಲ ತಿರುಗಿಸಿ ಕಳಿಸುವ ಪತ್ರಿಕೆ ಸಿಕ್ಕಿದರೆ ಅದನ್ನು ಬಿಡಬೇಡ. ನಿನ್ನನ್ನು ಗೌರವಿಸುವ ಪತ್ರಿಕೆ ಅದು.

ನಮ್ಮ ಮೈಸೂರಿನ ಪ್ರಾಚ್ಯ ಗ್ರಂಥಾಲಯದ ರುದ್ರಪಟ್ಟಣ ಶಾಮಶಾಸ್ತ್ರಿಗಳು ನಡೆದ ದಾರಿ ನಿನಗೆ ತಿಳಿದಿರಲಿ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಗರಿಯಲ್ಲಿ ಅವರಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿತು. ಲೋಕವೇ ಕಳೆದುಹೋಯಿತು ಎಂದುಕೊಂಡಿದ್ದ ಗ್ರಂಥ. ಅವರು 1905ರಿಂದ ಅದರ ಭಾಗಗಳ ಅನುವಾದವನ್ನು ಪತ್ರಿಕೆಗಳಲ್ಲಿ ಕಂತು ಕಂತಾಗಿ ಪ್ರಕಟಿಸಿದರು. ವಿದ್ವಾಂಸರ ಲೋಕ ಅದನ್ನು ನೋಡಿತು, ಚರ್ಚಿಸಿತು. 1909ರಲ್ಲಿ ಮೂಲ ಪಾಠ ಬಂತು, 1915ರಲ್ಲಿ ಪೂರ್ತಿ ಇಂಗ್ಲಿಷ್ ಅನುವಾದ ಪುಸ್ತಕವಾಯಿತು. ಅದಕ್ಕೆ ಮುನ್ನುಡಿ ಬರೆದವನು ಕನ್ನಡ ಶಾಸನಗಳಲ್ಲಿ ಪಳಗಿದ ಜೆ.ಎಫ್. ಫ್ಲೀಟ್. ಅಷ್ಟು ದೊಡ್ಡ ನಿಧಿ ಕೈಗೆ ಬಂದಾಗಲೂ ಅವರು ಬಚ್ಚಿಟ್ಟುಕೊಳ್ಳಲಿಲ್ಲ. ಸಿಕ್ಕಿದ್ದನ್ನು ನಾಲ್ಕು ಜನರ ಮುಂದಿಟ್ಟು, ಮತ್ತೆ ನೋಡಿ, ತಿದ್ದಿ ಮುಂದೆ ಹೋದರು. ಮುಂದೆ ತಿರುವನಂತಪುರದ ಟಿ. ಗಣಪತಿಶಾಸ್ತ್ರಿಗಳು, ಮುಂಬಯಿಯ ಆರ್.ಪಿ. ಕಾಂಗ್ಲೆ ಬೇರೆ ಪ್ರತಿಗಳ ನೆರವಿನಿಂದ ಪಾಠವನ್ನು ಇನ್ನಷ್ಟು ತಿದ್ದಿದರು. ಶಾಮಶಾಸ್ತ್ರಿಗಳ ಕೀರ್ತಿ ಅದರಿಂದ ಕುಂದಲಿಲ್ಲ.

ಅಡಿಟಿಪ್ಪಣಿಯನ್ನು ಶ್ರದ್ಧೆಯಿಂದ ಬರೆ. ಓದುಗ ನಿನ್ನನ್ನು ಪರೀಕ್ಷಿಸಲು ನೀನೇ ತೆರೆದಿಡುವ ಬಾಗಿಲು ಅದು. ಪುಟಸಂಖ್ಯೆ ಸರಿ ಇರಲಿ. ಮೂಲವನ್ನು ನೀನೇ ನೋಡಿದ್ದರೆ ಮೂಲ ಹೆಸರಿಸು. ಇನ್ನೊಬ್ಬರ ಪುಸ್ತಕದಿಂದ ಎತ್ತಿಕೊಂಡಿದ್ದರೆ ಆ ಪುಸ್ತಕ ಹೆಸರಿಸು. ಗುರುವಾರ ನಿನಗೊಂದು ಒಳ್ಳೆಯ ಪ್ರಶ್ನೆ ಕೇಳಿ ವಾದದ ದಿಕ್ಕು ತಿರುಗಿಸಿದವರ ಹೆಸರು ಆ ಪುಟದ ಕೆಳಗೇ ಬರಲಿ. ಮುನ್ನುಡಿಯಲ್ಲಿ ಇಪ್ಪತ್ತು ಜನರ ಜೊತೆ ಸೇರಿಸಿ ಮುಗಿಸಬೇಡ. ಕೈಫಿಯತ್ತಿನ ಪ್ರತಿ ಹುಡುಕಿ ತಂದುಕೊಟ್ಟ ಗ್ರಂಥಾಲಯದ ಸಹಾಯಕರನ್ನು ಮರೆಯಬೇಡ.

ಕೊನೆಯದಾಗಿ ಕನ್ನಡದ ಮಾತು. ಶಿಮ್ಲಾದಲ್ಲಿ ನಿನ್ನ ಗ್ರಂಥ ಇಂಗ್ಲಿಷಿನಲ್ಲೇ ಆಗುತ್ತದೆ. ಆಗಲಿ, ಅದರಿಂದ ಹೊರಗಿನವರು ಓದುತ್ತಾರೆ. ಆದರೆ ನಿನ್ನ ಆಕರಗಳೆಲ್ಲ ಕನ್ನಡದವು. ಆ ಊರುಗಳು ಇವತ್ತಿಗೂ ಇವೆ. ಕೈಫಿಯತ್ತಿನಲ್ಲಿ ಬರುವ ಕೆರೆ ಯಾವುದು, ಬೇಚಿರಾಕ್ ಆದ, ಅಂದರೆ ಜನವಿಲ್ಲದೆ ಪಾಳುಬಿದ್ದ ಹಳ್ಳಿ ಎಲ್ಲಿತ್ತು, ಆ ಪಾಳೆಯಗಾರನ ಕಥೆಯನ್ನು ಜನ ಇನ್ನೊಂದು ರೀತಿ ಹೇಳುತ್ತಾರೆಯೇ, ಇದನ್ನೆಲ್ಲ ಬಲ್ಲವರು ಅಲ್ಲಿನ ಪ್ರೈಮರಿ ಶಾಲೆಯ ಮೇಷ್ಟ್ರು, ದೇವಸ್ಥಾನದ ಪೂಜಾರಿ, ದನ ಮೇಯಿಸುವ ಮುದುಕ. ನಿನ್ನ ತಪ್ಪು ಹೇಳಬಲ್ಲ ಅತ್ಯಂತ ಸಮರ್ಥ ಓದುಗರು ಅವರು. ಇಂಗ್ಲಿಷಿನಲ್ಲಿ ಮಾತ್ರ ಬರೆದರೆ ಅವರ ಬಾಯಿ ಕಟ್ಟಿದಂತೆ.

ಇದು ನಮಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯಲ್ಲಿ ದೊಡ್ಡ ದೊಡ್ಡ ಪ್ರಾಧ್ಯಾಪಕರು ಸಣ್ಣ ಊರುಗಳಿಗೆ ಹೋಗಿ ವಿಜ್ಞಾನ, ಚರಿತ್ರೆ, ಸಾಹಿತ್ಯ ಕುರಿತು ಕನ್ನಡದಲ್ಲಿ ಮಾತಾಡುತ್ತಿದ್ದರು. ಆ ಮಾತುಗಳು ಆಮೇಲೆ ಎಲ್ಲರ ಕೈಗೆಟಕುವ ಬೆಲೆಯ ಪುಟ್ಟ ಪುಸ್ತಕಗಳಾಗುತ್ತಿದ್ದವು. ನನ್ನ ತಲೆಮಾರಿನ ಎಷ್ಟೋ ಜನ ಕಾಲೇಜಿಗೆ ಕಾಲಿಡುವ ಮುಂಚೆ ಓದಿದ್ದು ಆ ಪುಸ್ತಕಗಳನ್ನೇ. 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಆರಂಭಿಸಿದ ‘ಪ್ರಬುದ್ಧ ಕರ್ಣಾಟಕ’ವಿದೆ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, ಮೈಸೂರಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಹಂಪಿಯ ಪ್ರಸಾರಾಂಗ ಇವೆ. ಇವೆಲ್ಲ ಕನ್ನಡದಲ್ಲಿ ಗಂಭೀರ ಸಂಶೋಧನೆ ಬರೆಯಬಹುದೆಂದು ಆಗಲೇ ತೋರಿಸಿಕೊಟ್ಟಿವೆ. ನಿನ್ನ ಒಂದೊಂದು ಅಧ್ಯಾಯ ಮುಗಿದಾಗಲೂ ಅದರ ಸಾರವನ್ನು ಕನ್ನಡದಲ್ಲಿ ಒಂದು ಲೇಖನವಾಗಿ ಬರೆ. ರಜೆಯಲ್ಲಿ ಬಂದಾಗ ಆ ಊರಿಗೇ ಹೋಗಿ ಶಾಲೆಯ ಜಗುಲಿಯಲ್ಲಿ ಓದು. ಅಲ್ಲಿ ಎದ್ದ ಆಕ್ಷೇಪಣೆಯನ್ನು ಗುರುವಾರದ ಪ್ರಶ್ನೆಗಳ ಪಟ್ಟಿಗೇ ಸೇರಿಸಿಕೊ. ಎರಡಕ್ಕೂ ಒಂದೇ ಬೆಲೆ.

ಮನೆ ಬಿಟ್ಟು ಅಷ್ಟು ದೂರ, ಅಷ್ಟು ಚಳಿಯಲ್ಲಿ ಇರುವುದು ಸುಲಭವಲ್ಲ. ಹಣ ಕೆಲವೊಮ್ಮೆ ತಡವಾಗಬಹುದು, ಕೈಯಲ್ಲಿ ಮೂರು ತಿಂಗಳ ಖರ್ಚಿಗೆ ಆಗುವಷ್ಟು ಇಟ್ಟುಕೊಂಡೇ ಹೋಗು. ಹೆಣ್ಣುಮಕ್ಕಳು ಓದಿಗೆಂದು ಮನೆ ಬಿಟ್ಟರೆ ಈ ಸಂಸಾರದ ಕಥೆಯೇನು ಎಂದು ಕೇಳುವವರು ಇನ್ನೂ ಇದ್ದಾರೆ. ಗಂಡುಮಕ್ಕಳನ್ನು ಹಾಗೆ ಯಾರೂ ಕೇಳುವುದಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವ ಭಾರ ನಿನ್ನದಲ್ಲ. ನಿನ್ನ ಮನೆಯವರು ನಿನ್ನ ಜೊತೆಗಿದ್ದಾರೆ, ನಾವಿದ್ದೇವೆ. ಒಂಟಿತನ ಕಾಡಿದಾಗ ಕೋಣೆಯ ಬಾಗಿಲು ಹಾಕಿಕೊಳ್ಳಬೇಡ. ಪಕ್ಕದ ಫೆಲೋಗಳ ಜೊತೆ ನಡೆದಾಡಿಕೊಂಡು ಬಾ, ಅವರ ಕೆಲಸ ಎಲ್ಲಿಗೆ ಬಂತು ಎಂದು ಕೇಳು. ಒಳ್ಳೆಯ ಟೀಕಾಕಾರರು ಸಿಗುವುದು ಹೆಚ್ಚಾಗಿ ಇಂಥ ನಡಿಗೆಯಲ್ಲೇ. ಸ್ನೇಹವಿದ್ದ ಕಡೆ ತಪ್ಪು ಹೇಳುವುದೂ ಸುಲಭ, ಕೇಳುವುದೂ ಸುಲಭ.

ಹೋಗಿ ಬಾ, ತಾಯಿ. ಮೊದಲ ಅಧ್ಯಾಯದ ಕರಡು ಆದ ಕೂಡಲೇ ನನಗೊಂದು ಪ್ರತಿ ಕಳಿಸು, ನಿನಗಿಂತ ಚಿಕ್ಕವರೊಬ್ಬರಿಗೆ ಒಂದು, ಆ ಊರಿನ ಮೇಷ್ಟ್ರಿಗೆ ಒಂದು. ನಾನು ಓದಿ, ಕಂಡದ್ದನ್ನೆಲ್ಲ ಕೆಂಪು ಶಾಯಿಯಲ್ಲಿ ಬರೆದು ಮರಳಿಸುತ್ತೇನೆ. ಮೆಚ್ಚುಗೆಯನ್ನು ಪುಸ್ತಕ ಬಂದ ಮೇಲೆ ಹೇಳುತ್ತೇನೆ.